ಎಡಗೈ ಬೇಸ್‌ಗೆ ಹಳೇ ಹಾರ್ಡ್ ಕೇಸ್: ಯಾವುದರಲ್ಲಿ ಸರಿಯಾಗಿ ಕೂರುತ್ತದೆ?

ಎಡಗೈ ಬೇಸ್ (ಎಡಗೈಯವರು ನುಡಿಸುವ ಬೇಸ್ ಗಿಟಾರ್) ಇಟ್ಟುಕೊಂಡು ಹಳೇ ಹಾರ್ಡ್ ಕೇಸ್ ಹುಡುಕುವವರಿಗೆ ಬ್ರಾಂಡು, ಬಣ್ಣ, ವರ್ಷ ಎಲ್ಲ ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಎರಡೇ: ಬಾಡಿಯ ಉದ್ದ ಕೊಂಬಿಗೆ (ನೆಕ್ ಪಕ್ಕ ಚಾಚಿಕೊಂಡ ತುದಿಗೆ) ಜಾಗ ಎಲ್ಲಿದೆ, ಟ್ಯೂನಿಂಗ್ ಕೀಗಳು ಯಾವ ಕಡೆ ತಿರುಗುತ್ತವೆ. ಇವೆರಡು ಹೊಂದಲಿಲ್ಲ ಅಂದರೆ ಕೇಸ್ ಎಷ್ಟೇ ಚೆಂದ ಇದ್ದರೂ ಪ್ರಯೋಜನವಿಲ್ಲ. ಫೆಂಡರ್ ಕಂಪನಿಯ ಪ್ರಿಸಿಷನ್ ಮತ್ತು ಜಾಝ್ ಮಾದರಿಯ ಎಡಗೈ ಬೇಸ್‌ಗಳನ್ನು, ವಯಲಿನ್ ಆಕಾರದ ಒಂದು ಬೇಸನ್ನು ನಾನು ಬೇರೆ ಬೇರೆ ಹಳೇ ಕೇಸುಗಳಲ್ಲಿ ಇಟ್ಟು, ಹೊತ್ತು, ಬಳಸಿ ನೋಡಿದ್ದೇನೆ. ಅದನ್ನೇ ಇಲ್ಲಿ ಹೋಲಿಸುತ್ತೇನೆ.

ಬಲಗೈ ಕೇಸಿನ ಲೆಕ್ಕ ಮೊದಲು ತಿಳಿದಿರಲಿ. ಹಿಡಿಕೆ ನಿಮ್ಮ ಕಡೆ ಬರುವಂತೆ ಕೇಸನ್ನು ನೆಲದ ಮೇಲೆ ಮಲಗಿಸಿ ತೆರೆಯಿರಿ. ಸಾಮಾನ್ಯವಾಗಿ ನೆಕ್ ನಿಮ್ಮ ಎಡಕ್ಕೆ ಇರುತ್ತದೆ, ಬಾಡಿ ಬಲಕ್ಕೆ. ದಪ್ಪ ತಂತಿಯ ಕಡೆ ಹಿಡಿಕೆಗೆ ಹತ್ತಿರ, ಸಣ್ಣ ತಂತಿಯ ಕಡೆ ಹಿಂಜ್‌ಗೆ ಹತ್ತಿರ. ಅಂದರೆ ಕೇಸನ್ನು ಎತ್ತಿ ನಡೆಯುವಾಗ ಉದ್ದ ಕೊಂಬೂ ನಾಲ್ಕು ಕೀಗಳೂ ಮೇಲ್ಮುಖವಾಗಿರುತ್ತವೆ. ಅದೇ ಕೇಸಿನಲ್ಲಿ ಎಡಗೈ ಬೇಸ್ ಇಟ್ಟರೆ ಎಲ್ಲ ತಿರುಗಾಮುರುಗಾ. ಉದ್ದ ಕೊಂಬು ಹಿಂಜ್ ಕಡೆಗೆ, ಗಿಡ್ಡ ಕೊಂಬಿಗೆ ಮಾಡಿಟ್ಟ ಜಾಗಕ್ಕೆ ಹೋಗಿ ಮುಟ್ಟುತ್ತದೆ. ಕೀಗಳು ನೆಲದ ಕಡೆ ತಿರುಗುತ್ತವೆ. ಕೇಸನ್ನು ಜೋರಾಗಿ ಕೆಳಗಿಟ್ಟರೆ ಏಟು ನೇರ ಕೀಗಳಿಗೇ. ಬೇಸ್ ಶ್ರುತಿ ತಪ್ಪುವುದು ಚಿಕ್ಕ ಮಾತು, ಕೀಯ ಕಂಬಿಯೇ ಬಾಗಿದರೆ ಹಳೇ ಬೇಸ್‌ಗೆ ಅದೇ ಥರದ ಕೀ ಹುಡುಕುವುದು ದೊಡ್ಡ ಕೆಲಸ.

ಮುಖ ಕೆಳಗೆ ಮಾಡಿ ಇಟ್ಟರೆ ಎಲ್ಲ ಸರಿಹೋಗುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ಆಕಾರದ ಲೆಕ್ಕಕ್ಕೆ ನಿಜ. ಆದರೆ ಆಗ ಇಡೀ ಬೇಸ್‌ನ ಭಾರ ಬ್ರಿಡ್ಜ್, ನಾಬ್, ತಂತಿಗಳ ಮೇಲೆ ಬೀಳುತ್ತದೆ. ನೆಕ್ಕಿನ ಹಿಂಬದಿಗೆ ಸಿಗಬೇಕಾದ ಆಧಾರ ಫ್ರೆಟ್‌ಗಳಿಗೆ ಸಿಗುತ್ತದೆ. ಒಂದು ರಾತ್ರಿಗೂ ಹಾಗೆ ಇಡಬೇಡಿ.

ಈಗ ಒಂದೊಂದಾಗಿ ನೋಡೋಣ. ನನಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು 70ರ ದಶಕದ, ಕಪ್ಪು ಟೋಲೆಕ್ಸ್ (ವಿನೈಲ್ ಹೊದಿಕೆ) ಹೊದಿಸಿದ ಉದ್ದನೆಯ ಆಯತಾಕಾರದ ಕೇಸ್. ಪ್ಲೈವುಡ್ ಪೆಟ್ಟಿಗೆ, ಒಳಗೆ ಕಿತ್ತಳೆ ಬಣ್ಣದ ಪ್ಲಶ್ ಅಸ್ತರು. ಹೊರಗಿನಿಂದ ನೋಡಿದರೆ ಎಡಗೈ ಬಲಗೈ ಅನ್ನುವ ಭೇದವೇ ಇಲ್ಲ. ಭೇದ ಇರುವುದೆಲ್ಲ ಒಳಗೆ: ಬಾಡಿಯ ಸುತ್ತ ಅಂಟಿಸಿದ ದಿಮ್ಮಿಗಳು, ನೆಕ್ ಕೂರುವ ದಿಂಬು, ನೆಕ್ ಪಕ್ಕದ ಚಿಕ್ಕ ಡಬ್ಬಿ. ನನ್ನ ಪ್ರಿಸಿಷನ್ ಮಾದರಿಯ ಬೇಸನ್ನು ಇದ್ದ ಹಾಗೇ ಇಟ್ಟು ನೋಡಿದೆ. ಬಾಡಿ ಕೂತಿತು, ಆದರೆ ಉದ್ದ ಕೊಂಬಿನ ತುದಿ ಹಿಂಜ್ ಕಡೆಯ ದಿಮ್ಮಿಗೆ ಒತ್ತುತ್ತಿತ್ತು. ಅದರಿಂದ ನೆಕ್ ಸ್ವಲ್ಪ ಓರೆಯಾಗಿ, ಮೂರನೇ ಕೀ ಗೋಡೆಗೆ ತಾಗಿತು.

ಎಷ್ಟು ತಾಗುತ್ತಿದೆ ಅಂತ ತಿಳಿಯಲು ಸುಲಭದ ದಾರಿ ಒಂದಿದೆ. ತೆಳು ಕಾಗದದ ಪಟ್ಟಿಗಳನ್ನು ಕತ್ತರಿಸಿ ಕೊಂಬಿನ ತುದಿ, ಪ್ರತಿ ಕೀ, ಹೆಡ್‌ಸ್ಟಾಕ್ (ಕೀಗಳಿರುವ ನೆಕ್ಕಿನ ತಲೆ) ತುದಿ, ಬಾಡಿಯ ಕೆಳತುದಿ ಇವುಗಳ ಪಕ್ಕ ಇಳಿಬಿಡಿ. ಪಟ್ಟಿಯ ಒಂದು ತುದಿ ಹೊರಗಿರಲಿ. ಮುಚ್ಚಳ ಮುಚ್ಚಿ, ಲ್ಯಾಚ್ ಹಾಕದೆ, ಒಂದೊಂದನ್ನೇ ಎಳೆಯಿರಿ. ಬಾಡಿಯ ಪಕ್ಕದ ಪಟ್ಟಿ ಸ್ವಲ್ಪ ಬಿಗಿಯಾಗಿ ಬಂದರೆ ಒಳ್ಳೆಯದು, ಬೇಸ್ ಅಲುಗಾಡುವುದಿಲ್ಲ. ಕೀ ಮತ್ತು ಹೆಡ್‌ಸ್ಟಾಕ್ ಪಕ್ಕದ ಪಟ್ಟಿಗಳು ಮಾತ್ರ ಸರಾಗವಾಗಿ ಜಾರಿ ಬರಲೇಬೇಕು. ಹರಿದು ಬಂದರೆ ಅಲ್ಲಿ ಮರ ಕೊರೆದು ಜಾಗ ಮಾಡಬೇಕು, ಇಲ್ಲವೇ ಆ ಕೇಸಿನ ಆಸೆ ಬಿಡಬೇಕು.

ಈ ಕೇಸಿನಲ್ಲಿ ಜಾಗ ಮಾಡಲು ಸಾಧ್ಯ ಇತ್ತು. ಅದೇ ಇದರ ದೊಡ್ಡ ಗುಣ. ಹಳೇ ಅಂಟು ಒಣಗಿ ಗರಿಗರಿಯಾಗಿತ್ತು. ತೆಳುವಾದ, ಮೊಂಡು ಚಾಕುವನ್ನು ಪ್ಲಶ್ ಅಡಿಗೆ ತೂರಿಸಿ ನಿಧಾನ ಎಬ್ಬಿಸಿದರೆ ಅಸ್ತರು ಹರಿಯದೆ ಬರುತ್ತದೆ. ಹಿಂಜ್ ಕಡೆಯ ದಿಮ್ಮಿಯನ್ನೂ ಹಿಡಿಕೆ ಕಡೆಯದನ್ನೂ ಬಿಚ್ಚಿ, ಅದಲುಬದಲು ಮಾಡಿ, ಕನ್ನಡಿಯಲ್ಲಿ ಕಾಣುವಂತೆ ಕೂರಿಸಿದೆ. ಕೀಗಳ ಕಡೆ ಬೆರಳಗಲದಷ್ಟು ಖಾಲಿ ಜಾಗ ಬಿಟ್ಟೆ. ಅಸ್ತರನ್ನು ಮತ್ತೆ ಮರಕ್ಕೆ ಹಾಕುವ ಬಿಳಿ ಅಂಟಿನಿಂದಲೇ ಅಂಟಿಸಿದೆ. ಘಾಟು ವಾಸನೆಯ ಸಾಲ್ವೆಂಟ್ ಅಂಟು ಬೇಡ. ಅದರ ಆವಿ ಮುಚ್ಚಿದ ಕೇಸಿನೊಳಗೆ ಉಳಿದು ಬೇಸ್ ಮೇಲಿನ ಹಳೇ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಲೇಪವನ್ನು ಮೆತ್ತಗೆ ಮಾಡಿಬಿಡಬಹುದು. ಅಂಟು ಒಣಗಿ ವಾಸನೆ ಪೂರ್ತಿ ಹೋಗುವವರೆಗೆ ಕೇಸನ್ನು ತೆರೆದೇ ಇಡಬೇಕು. ಈ ಕೆಲಸ ಆದ ಮೇಲೂ ಕೀಗಳು ನೆಲದ ಕಡೆಯೇ ಇರುತ್ತವೆ, ಅದು ಬದಲಾಗುವುದಿಲ್ಲ. ಆದರೆ ಕೀ ಮತ್ತು ಗೋಡೆ ನಡುವೆ ಜಾಗ ಇದ್ದು, ಭಾರ ಬಾಡಿಯ ಮೇಲೆ ನಿಂತರೆ ಏಟಿನ ಭಯ ಬಹಳ ಕಡಿಮೆಯಾಗುತ್ತದೆ.

ಜಾಝ್ ಮಾದರಿಗೆ ಇದೇ ಕೇಸ್ ಅಷ್ಟು ಒಗ್ಗಲಿಲ್ಲ. 1960ರಲ್ಲಿ ಬಂದ ಜಾಝ್ ಬೇಸ್‌ನ ಸೊಂಟ ಒಂದೇ ಸಾಲಿನಲ್ಲಿಲ್ಲ, ಒಂದು ಕಡೆ ಮುಂದಕ್ಕೆ, ಇನ್ನೊಂದು ಕಡೆ ಹಿಂದಕ್ಕೆ ಜರುಗಿದೆ. 1951ರ ಪ್ರಿಸಿಷನ್‌ಗಿಂತ ಇದರ ಓರೆ ಜಾಸ್ತಿ. ಬಲಗೈ ದಿಮ್ಮಿಗಳ ನಡುವೆ ಎಡಗೈ ಜಾಝ್ ಇಟ್ಟರೆ ಬಾಡಿಯ ಕೆಳಭಾಗ ಒಂದು ಮೂಲೆಯಲ್ಲಿ ಸಿಕ್ಕಿಕೊಂಡು, ಎದುರು ಮೂಲೆ ಖಾಲಿ ಬೀಳುತ್ತದೆ. ಎಲ್ಲ ದಿಮ್ಮಿ ತೆಗೆದು ಹೊಸದಾಗಿ ಮಾಡಿದ ಮೇಲಷ್ಟೇ ಸರಿಯಾಯಿತು.

ಇನ್ನೊಂದು ಸಂಗತಿ. ಹಳೇ ಫೆಂಡರ್ ಬೇಸ್‌ಗಳಲ್ಲಿ ಪಿಕಪ್ ಮೇಲೂ ಬ್ರಿಡ್ಜ್ ಮೇಲೂ ಕ್ರೋಮ್ ಮುಚ್ಚಿಗೆಗಳು ಬರುತ್ತಿದ್ದವು. ಬಹಳ ಜನ ಅದನ್ನು ತೆಗೆದಿಟ್ಟಿರುತ್ತಾರೆ. ನೀವು ಹಾಕಿಕೊಂಡೇ ಇರುವವರಾದರೆ ಮುಚ್ಚಳದ ಒಳಗಿನ ಎತ್ತರವನ್ನೂ ಅದೇ ಕಾಗದದ ಪಟ್ಟಿಯಿಂದ ನೋಡಿ. ನನ್ನ ಕಪ್ಪು ಕೇಸಿನಲ್ಲಿ ಬ್ರಿಡ್ಜ್ ಮುಚ್ಚಿಗೆ ಮುಚ್ಚಳದ ಪ್ಲಶ್‌ಗೆ ಮೆಲ್ಲನೆ ತಾಗುತ್ತದೆ, ಅಷ್ಟು ಪರವಾಗಿಲ್ಲ.

ಟ್ವೀಡ್ ಬಟ್ಟೆ ಹೊದಿಸಿದ ಕೇಸಿನ ಕತೆ ಬೇರೆ. ಫೆಂಡರ್ ಕೇಸುಗಳಲ್ಲಿ 50ರ ದಶಕದ ಟ್ವೀಡ್, 60ರ ಆರಂಭದ ಕಂದು ಟೋಲೆಕ್ಸ್, ಆಮೇಲೆ ಬಿಳಿ, ಆಮೇಲೆ ಕಪ್ಪು, ಹೀಗೆ ಸಾಲು ಬರುತ್ತದೆ. ಆಯತಾಕಾರದ ಟ್ವೀಡ್ ಕೇಸ್ ಕಣ್ಣಿಗೆ ಎಷ್ಟು ಹಿತ ಅಂದರೆ ಅದನ್ನು ನೋಡಿದವರೆಲ್ಲ ಒಂದು ಸಲ ಕೈಯಾಡಿಸಿಯೇ ಮುಂದೆ ಹೋಗುತ್ತಾರೆ. ನಾನು ಬಳಸಿ ನೋಡಿದ ಟ್ವೀಡ್ ಕೇಸ್ ಗಟ್ಟಿಯಾಗಿತ್ತು, ಒಳಗೆ ಜಾಗವೂ ಕಪ್ಪು ಕೇಸಿಗಿಂತ ಧಾರಾಳ. ಎಡಗೈ ಬೇಸ್ ಹೆಚ್ಚು ತಕರಾರಿಲ್ಲದೆ ಕೂತಿತು. ಆದರೆ ಬಟ್ಟೆಯಾದ್ದರಿಂದ ನೀರು ಹೀರುತ್ತದೆ, ಅಂಚಿನಲ್ಲಿ ಬೇಗ ಸವೆಯುತ್ತದೆ. ಅದಕ್ಕಿಂತ ಮುಖ್ಯ, ಅಸಲಿ ಟ್ವೀಡ್ ಕೇಸಿನ ಒಳಗೆ ಚಾಕು ಹಾಕಲು ನನಗೆ ಮನಸ್ಸು ಬರುವುದಿಲ್ಲ, ಬೇರೆಯವರಿಗೂ ಬೇಡ ಅಂತಲೇ ಹೇಳುತ್ತೇನೆ. ಅಷ್ಟು ವರ್ಷ ಉಳಿದು ಬಂದದ್ದು ಹಾಗೇ ಉಳಿಯಲಿ. ಮಡಚಿದ ಹತ್ತಿ ಬಟ್ಟೆಯ ಸುರುಳಿಗಳನ್ನು ಖಾಲಿ ಬಿದ್ದ ಕಡೆ ತುರುಕಿ ಬೇಸನ್ನು ಅಲುಗಾಡದಂತೆ ಮಾಡಬಹುದು. ಮನೆಯಲ್ಲಿ ಇಡಲು ಇದು ಸಾಕು. ವಾರ ವಾರ ಕಾರ್ಯಕ್ರಮಕ್ಕೆ ಒಯ್ಯಲು ನಾನು ಕಪ್ಪು ಟೋಲೆಕ್ಸನ್ನೇ ಎತ್ತಿಕೊಳ್ಳುತ್ತೇನೆ.

ಬೇಸ್ ಆಕಾರಕ್ಕೇ ಮಾಡಿದ ಕೇಸುಗಳಲ್ಲಿ, ಅಂದರೆ ಹೊರಗಿನ ರೇಖೆಯೂ ಬೇಸ್ ಥರವೇ ಇರುವವುಗಳಲ್ಲಿ, ಎಡಗೈಯವರಿಗೆ ಆಸೆ ಇಟ್ಟುಕೊಳ್ಳುವ ಹಾಗೇ ಇಲ್ಲ. ಹಗುರ, ಗಾಡಿಯಲ್ಲಿ ಕಡಿಮೆ ಜಾಗ, ಬಲಗೈಯವರಿಗೆ ಬಹಳ ಒಳ್ಳೆಯದು. ನಮಗೆ ಕೊಂಬಿನ ಜಾಗದಲ್ಲೇ ಎಲ್ಲ ಮುಗಿಯುತ್ತದೆ. ನಾನು ನೋಡಿದ ಒಂದರಲ್ಲಿ ಬಾಡಿ ಅರ್ಧ ಇಳಿದು ನಿಂತಿತು, ಅಷ್ಟೇ. ಗೋಡೆಯೇ ಅಡ್ಡ ಬಂದಾಗ ದಿಮ್ಮಿ ತೆಗೆದು ಏನು ಮಾಡುವುದು? ನಿಜವಾದ ಎಡಗೈ ಕೇಸ್ ಸಿಕ್ಕರೆ ಮಾತ್ರ ಈ ಜಾತಿಯ ಕಡೆ ತಿರುಗಿ ನೋಡಿ.

70ರ ಕೊನೆಯಿಂದ ಬಂದ ಅಚ್ಚಿನ ಪ್ಲಾಸ್ಟಿಕ್ ಕೇಸುಗಳನ್ನು ಜನ ಸುಮ್ನೆ ಕಡೆಗಣಿಸುತ್ತಾರೆ. ಹೊರಗಿನ ಚಿಪ್ಪು ಗಟ್ಟಿ, ಮಳೆಗೆ ಹೆದರಬೇಕಿಲ್ಲ. ತೊಂದರೆ ಒಳಗಿನ ಫೋಮ್‌ನದು. ಆ ಕಾಲದ ಪಾಲಿಯುರೆಥೇನ್ ಫೋಮ್ ವರ್ಷಗಳಾದ ಮೇಲೆ ಪುಡಿಯಾಗುತ್ತದೆ, ಇಲ್ಲವೇ ಅಂಟಂಟಾಗುತ್ತದೆ. ನಾನು ತಂದದ್ದರಲ್ಲಿ ಬೆರಳಿಟ್ಟರೆ ಬೆರಳಿಗೆ ಹಳದಿ ಜಿಗುಟು ಹತ್ತುತ್ತಿತ್ತು. ಅದು ಲ್ಯಾಕರ್‌ಗೆ ಅಂಟಿದರೆ ಗುರುತು ಹೋಗುವುದಿಲ್ಲ. ಫೋಮ್ ಪೂರ್ತಿ ಕೆರೆದು ತೆಗೆದು, ಪಾಲಿಎಥಿಲೀನ್ ಫೋಮ್ ಕತ್ತರಿಸಿ ಎಡಗೈ ಆಕಾರಕ್ಕೆ ಕೂರಿಸಿ, ಮೇಲೆ ಹತ್ತಿಯ ಮಖಮಲ್ ಹೊದಿಸಿದೆ. ಕೆರೆಯುವುದೇ ದೊಡ್ಡ ಶ್ರಮ. ಆದರೆ ಆದ ಮೇಲೆ ನೋಡಿದರೆ, ಎಡಗೈ ಬೇಸ್‌ಗೆ ಹೇಳಿ ಮಾಡಿಸಿದ ಹಾಗೇ ಆಯಿತು. ಆಯತಾಕಾರದ್ದನ್ನೇ ಆರಿಸಿಕೊಳ್ಳಿ. ಚಿಪ್ಪೇ ಬಲಗೈ ಆಕಾರಕ್ಕೆ ಅಚ್ಚಾಗಿದ್ದರೆ ಮತ್ತದೇ ಗೋಡೆ ಅಡ್ಡ ಬರುತ್ತದೆ. ಲ್ಯಾಚ್‌ಗಳನ್ನೂ ನೋಡಿ, ಪ್ಲಾಸ್ಟಿಕ್‌ನಲ್ಲಿ ರಿವೆಟ್ ಸುತ್ತ ಬಿರುಕು ಬಿಟ್ಟಿದ್ದರೆ ಅದನ್ನು ಸರಿ ಮಾಡುವುದು ಕಷ್ಟ. ಪ್ಲೈವುಡ್‌ನಲ್ಲಿ ರಿವೆಟ್ ಸಡಿಲಾದರೆ ಹೊಸದು ಹೊಡೆಯಬಹುದು.

ಒತ್ತಿದ ರಟ್ಟಿನ ಅಗ್ಗದ ಹಳೇ ಕೇಸುಗಳ ಬಗ್ಗೆ ಒಂದೇ ಮಾತು: ಧೂಳಿನಿಂದ ಕಾಪಾಡುತ್ತವೆ, ಏಟಿನಿಂದ ಅಲ್ಲ. ನಾಲ್ಕು ಕಿಲೋ ಆಸುಪಾಸು ತೂಗುವ ಬೇಸ್‌ಗೆ ಅವುಗಳ ಹಿಡಿಕೆಯನ್ನೂ ನಂಬುವುದು ಕಷ್ಟ.

ವಯಲಿನ್ ಬೇಸ್ ಇದ್ದವರಿಗೆ ಈ ಯಾವ ಗೋಳೂ ಇಲ್ಲ. ಈ ಜಾತಿಯ ಹಾಫ್ನರ್ 500/1 ಬೇಸ್ 1956ರಲ್ಲಿ ಬಂತು. ಸ್ಕೇಲ್ ಉದ್ದ (ತಂತಿಯ ನುಡಿಯುವ ಭಾಗ) ಸುಮಾರು 30 ಇಂಚು, ಫೆಂಡರ್‌ನ 34 ಇಂಚಿಗಿಂತ ಎಷ್ಟೋ ಗಿಡ್ಡ. ಬಾಡಿ ಎರಡೂ ಕಡೆ ಒಂದೇ ಥರ, ಹೆಡ್‌ಸ್ಟಾಕ್‌ನಲ್ಲಿ ಕೀಗಳು ಎರಡು ಈ ಕಡೆ, ಎರಡು ಆ ಕಡೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಇದನ್ನು ಕೊಂಡದ್ದಕ್ಕೆ ಒಂದು ಕಾರಣವೇ ಅದು, ಎಡಗೈಯಲ್ಲಿ ಹಿಡಿದರೂ ತಲೆಕೆಳಗಾಗಿ ಕಾಣುವುದಿಲ್ಲ ಅನ್ನುವುದು. 1972ರಲ್ಲಿ ಕಳುವಾದ ಆ ಬೇಸ್ ಮತ್ತೆ ಸಿಕ್ಕ ಸುದ್ದಿ 2024ರಲ್ಲಿ ಹೊರಬಂದಾಗ, ಅದರ ಮೂಲ ಕೇಸೂ ಜೊತೆಯಲ್ಲೇ ಉಳಿದಿತ್ತು ಅನ್ನುವ ಮಾತು ಓದಿ ನನಗೆ ಬಹಳ ಖುಷಿಯಾಯಿತು. ನನ್ನ ವಯಲಿನ್ ಬೇಸನ್ನು ಬಲಗೈ ಕೇಸಿನಲ್ಲಿ ಇಟ್ಟಾಗ ಕಾಗದದ ಪಟ್ಟಿಗಳು ಎಲ್ಲ ಕಡೆಯೂ ಸರಾಗವಾಗಿ ಬಂದವು. ನಾಬ್‌ಗಳು ಯಾವ ಕಡೆ ಬರುತ್ತವೆ ಅನ್ನುವುದೊಂದೇ ವ್ಯತ್ಯಾಸ, ಮುಚ್ಚಳಕ್ಕೆ ಅದು ಲೆಕ್ಕಕ್ಕಿಲ್ಲ. 1961ರಿಂದ ಎಸ್‌ಜಿ ಆಕಾರದಲ್ಲಿ (ಎರಡು ಕೊಂಬೂ ಹೆಚ್ಚುಕಮ್ಮಿ ಒಂದೇ ಥರ) ಬಂದ ಗಿಬ್ಸನ್ ಇಬಿ ಸಾಲಿನ ಬೇಸ್‌ಗಳಿಗೂ ಇದೇ ಅನುಕೂಲ ಬಹುಮಟ್ಟಿಗೆ ಇದೆ. ಅವುಗಳಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುವುದರಿಂದ ನೆಕ್ ದಿಂಬು ಎತ್ತರವಾಗಿದ್ದು, ಹೆಡ್‌ಸ್ಟಾಕ್ ತುದಿ ಕೇಸಿನ ತಳಕ್ಕೆ ತಾಗದಂತೆ ಇರಬೇಕು. ತಾಗಿದರೆ ಬಿದ್ದಾಗ ಮುರಿಯುವುದು ಅಲ್ಲೇ. ಫೆಂಡರ್ ಹೆಡ್‌ಸ್ಟಾಕ್ ಬಾಗಿಲ್ಲ, ಆದರೂ ಹಿಂಬದಿಯಲ್ಲಿ ಕೀಗಳ ಗೇರ್ ಉಬ್ಬಿರುತ್ತದೆ, ಅಲ್ಲಿ ಕೆಳಗೆ ಗಾಳಿ ಆಡುವಷ್ಟು ಜಾಗ ಬೇಕು.

ಹಳೇ ವಾಸನೆ ಎಲ್ಲ ಜಾತಿಯ ಕೇಸಿಗೂ ಸಮಾನ. ಒಣ ಅಡುಗೆ ಸೋಡಾ ಉದುರಿಸಿ ಒಂದೆರಡು ದಿನ ಬಿಟ್ಟು ವ್ಯಾಕ್ಯೂಮ್ ಮಾಡಿ, ಆಮೇಲೆ ಗಾಳಿಗೆ ತೆರೆದಿಡಿ. ಬೂಷ್ಟಿನ ಕಪ್ಪು ಚುಕ್ಕೆ ಪ್ಲಶ್ ಬುಡದವರೆಗೆ ಇಳಿದಿದ್ದರೆ ಅಸ್ತರು ಬದಲಿಸುವುದೇ ಸರಿ. ಸುಗಂಧದ ಸ್ಪ್ರೇ ಹೊಡೆಯಬೇಡಿ.

ಫೋಟೋ ನೋಡಿ ಕೊಳ್ಳುವವರು ಮಾರುವವರ ಹತ್ತಿರ ಎರಡು ಚಿತ್ರ ಕೇಳಿ. ಒಂದು, ಹಿಡಿಕೆ ಕ್ಯಾಮೆರಾ ಕಡೆ ಇದ್ದು, ಮುಚ್ಚಳ ತೆರೆದು, ಖಾಲಿ ಕೇಸನ್ನು ಮೇಲಿನಿಂದ ತೆಗೆದದ್ದು. ನೆಕ್ ದಿಂಬು ಬಲಗಡೆ ಕಂಡರೆ ಅದು ಬಹುಶಃ ನಿಜವಾದ ಎಡಗೈ ಕೇಸ್, ತಡಮಾಡಬೇಡಿ. ಎಡಗಡೆ ಕಂಡರೆ ಬಲಗೈಯದು, ಆಗ ದಿಮ್ಮಿಗಳು ಬಿಚ್ಚುವಂತಿವೆಯೇ ನೋಡಿ. ಇನ್ನೊಂದು, ಒಳಗೆ ಅಳತೆ ಪಟ್ಟಿ ಇಟ್ಟು ತೆಗೆದದ್ದು. ಪ್ರಿಸಿಷನ್ ಮಾದರಿಯ ಬೇಸ್‌ನ ಒಟ್ಟು ಉದ್ದ ಸುಮಾರು 46 ಇಂಚು. ಒಳ ಉದ್ದ ಅದಕ್ಕಿಂತ ಒಂದು ಇಂಚಾದರೂ ಜಾಸ್ತಿ ಇಲ್ಲದಿದ್ದರೆ ಬಿಟ್ಟುಬಿಡಿ. ಎಷ್ಟೋ ಸಲ ಗಿಟಾರ್ ಕೇಸನ್ನೇ ಬೇಸ್ ಕೇಸ್ ಅಂತ ಹಾಕಿರುತ್ತಾರೆ, ಅಳತೆ ಪಟ್ಟಿ ಇದ್ದರೆ ಅದು ಅಲ್ಲೇ ಗೊತ್ತಾಗುತ್ತದೆ.