ಗುಂಪು ಕೆಲಸದ ದೂರುಗಳಿಗೆ ಉತ್ತರ: ಮೂರು ವರ್ಷ, ಮೂರು ಬಗೆ

ಮುಂಬಯಿಯಲ್ಲಿ ಕನ್ನಡ–ಮರಾಠಿ ಅನುವಾದದ ಸ್ನಾತಕೋತ್ತರ ಪತ್ರಿಕೆಯೊಂದನ್ನು ನಾನು ಆನ್‌ಲೈನ್‌ನಲ್ಲಿ ಕಲಿಸುತ್ತೇನೆ. ತಲಾ ಐವರ ಆರು ಗುಂಪುಗಳಿದ್ದು, ಪ್ರತಿ ಗುಂಪೂ ಒಂದು ಪಠ್ಯವನ್ನು ಸೇರಿ ಅನುವಾದಿಸಿ, ಸೇರಿಯೇ ತಿದ್ದಿ ಒಪ್ಪಿಸಬೇಕು. ರಾತ್ರಿ ಒಂಬತ್ತಕ್ಕೆ ಡೊಂಬಿವಲಿಯಲ್ಲಿ ಲೋಕಲ್ ಇಳಿಯುವವರು, ಹೋಟೆಲಿನ ಬಾಗಿಲು ಹಾಕಿದ ಮೇಲಷ್ಟೇ ಪುಸ್ತಕ ಮುಟ್ಟಬಲ್ಲವರು, ಗೋವಾದ ಫೋಂಡಾದಲ್ಲಿ ಶಾಲೆ ಮುಗಿಸಿ ಬರುವ ಶಿಕ್ಷಕಿ, ಎಲ್ಲರೂ ಒಂದೇ ಗುಂಪಿನಲ್ಲಿರುವುದುಂಟು. ಹೀಗಾಗಿ "ಇಬ್ಬರು ದುಡಿದರು, ಐವರಿಗೂ ಒಂದೇ ಅಂಕ" ಎಂಬ ದೂರು ಪ್ರತಿ ವರ್ಷವೂ ಬರುತ್ತದೆ. ಅದಕ್ಕೆ ಉತ್ತರಿಸುವ ಮೂರು ಬಗೆಗಳನ್ನು ನಾನು ಒಂದೊಂದು ವರ್ಷ ಪ್ರಯೋಗಿಸಿ ನೋಡಿದ್ದೇನೆ.

ಮೊದಲನೆಯದು ಹಲವು ಕಾಲೇಜುಗಳಲ್ಲಿ ರೂಢಿಯಲ್ಲಿರುವ, ಸೆಮಿಸ್ಟರ್ ಮುಗಿದ ಮೇಲಿನ ಗೂಗಲ್ ಫಾರ್ಮ್. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ನಡೆಸುವ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆಯಲ್ಲಿ 21 ಪ್ರಶ್ನೆಗಳಿದ್ದು, ಕೊನೆಯ ಒಂದರಲ್ಲಿ ಮಾತ್ರ ವಿದ್ಯಾರ್ಥಿ ತನ್ನ ಮಾತಿನಲ್ಲಿ ಬರೆಯಬಹುದು. ನನ್ನ ಫಾರ್ಮ್ ಕೂಡ ಅದೇ ಅಚ್ಚಿನದಾಗಿತ್ತು. ವಿಭಾಗದ ಕಡತಕ್ಕೆ, ವರ್ಷದಿಂದ ವರ್ಷಕ್ಕೆ ಹೋಲಿಸುವುದಕ್ಕೆ ಇದು ಸಾಕು. ಆದರೆ ದೂರು ಕೊಟ್ಟವರು ಅಷ್ಟರಲ್ಲಿ ಪದವಿ ಪಡೆದು ಹೋಗಿರುತ್ತಾರೆ. ಅವರು ಕೇಳಿದಂತೆ ಸಭೆಯ ವೇಳೆಯನ್ನು ರಾತ್ರಿ ಹತ್ತಕ್ಕೆ ಬದಲಾಯಿಸಿದೆ. ಮುಂದಿನ ತಂಡದವರಿಗೆ ಬೇಕಾಗಿದ್ದದ್ದು ಭಾನುವಾರದ ಬೆಳಿಗ್ಗೆ.

ಎರಡನೆಯ ವರ್ಷ ಇದಕ್ಕೆ ತದ್ವಿರುದ್ಧವಾಗಿ ನಡೆದೆ. ಪ್ರತಿ ವಾರ ಹೆಸರಿಲ್ಲದ ಫಾರ್ಮ್, ಮರುದಿನವೇ ವಾಟ್ಸ್‌ಆ್ಯಪ್‌ನಲ್ಲಿ ಉತ್ತರ, ಕೇಳಿದ್ದೆಲ್ಲವೂ ಮಂಜೂರು. ನಾಲ್ಕನೆಯ ವಾರದಲ್ಲಿ ಬೇಡಿಕೆಗೆ ಮಣಿದು ಗುಂಪುಗಳನ್ನೇ ಕಲಸಿದೆ. ಅಷ್ಟರಲ್ಲಿ ಒಂದು ಗುಂಪು ಮರಾಠಿಯ 'ಚಾಳ್' ಶಬ್ದವನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದೂ, ಇನ್ನೊಂದು 'ವಠಾರ' ಎನ್ನಬೇಕೆಂದೂ ಗಂಟೆಗಟ್ಟಲೆ ವಾದಿಸಿ ನಿರ್ಧರಿಸಿಯಾಗಿತ್ತು; ಹೊಸ ಗುಂಪುಗಳಲ್ಲಿ ಒಂದೇ ಪುಟದಲ್ಲಿ ಎರಡೂ ಕಾಣಿಸಿಕೊಂಡವು. ಅದಕ್ಕಿಂತ ದೊಡ್ಡ ತಪ್ಪು ನನ್ನಿಂದಲೇ ಆಯಿತು. "ಗಲ್ಲೆ ಬಿಟ್ಟು ಬರಲಾಗದವನನ್ನು ಸೋಮಾರಿ ಎನ್ನುತ್ತಾರೆ" ಎಂಬ ಮಾತನ್ನು ನಾನು ಇದ್ದ ಹಾಗೆಯೇ ಎತ್ತಿ ಹಾಕಿ ಉತ್ತರಿಸಿದೆ. ಐವರ ಗುಂಪಿನಲ್ಲಿ ಹೋಟೆಲಿನ ಗಲ್ಲೆಯಲ್ಲಿ ಕೂರುವವನು ಒಬ್ಬನೇ. ಹೆಸರಿಲ್ಲದ ಫಾರ್ಮಿಗೆ ನಾನೇ ಹೆಸರು ಬರೆದಂತಾಯಿತು.

ಮೂರನೆಯ ಬಗೆಯನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೋಸೆಫ್ ಕ್ಲಾರ್ಕ್ 1970ರ ದಶಕದಲ್ಲಿ ರೂಪಿಸಿದರು. ಸೆಮಿಸ್ಟರಿನ ನಡುವೆ ಕಲಿಸುವವರು ಹೊರಗೆ ಹೋಗುತ್ತಾರೆ. ಇನ್ನೊಬ್ಬ ಅಧ್ಯಾಪಕರು ಬಂದು, ಕಲಿಕೆಗೆ ಯಾವುದು ನೆರವಾಗುತ್ತಿದೆ, ಯಾವುದು ತಿದ್ದಿಕೊಳ್ಳಬೇಕು, ತಿದ್ದುವುದು ಹೇಗೆ ಎಂದು ಕೇಳುತ್ತಾರೆ. ವಿದ್ಯಾರ್ಥಿಗಳು ಚಿಕ್ಕ ಗುಂಪುಗಳಲ್ಲಿ ಚರ್ಚಿಸಿ, ಒಮ್ಮತಕ್ಕೆ ಬಂದದ್ದನ್ನು ಮುಂದಿಡುತ್ತಾರೆ. ನಮ್ಮಲ್ಲಿ ಮರಾಠಿ ವಿಭಾಗದ ಸಹೋದ್ಯೋಗಿಯೊಬ್ಬರು ರೆಕಾರ್ಡಿಂಗ್ ನಿಲ್ಲಿಸಿ, ಝೂಮ್‌ನ ಬ್ರೇಕ್‌ಔಟ್ ಕೋಣೆಗಳಲ್ಲಿ ಇದನ್ನು ಅರ್ಧ ಗಂಟೆ ನಡೆಸಿಕೊಟ್ಟರು. ಅನುವಾದದ ಗುಂಪುಗಳು ಅಲ್ಲಿಯೂ ಒಟ್ಟಿಗೇ ಕೂರದಂತೆ ಅವರು ಎಲ್ಲರನ್ನೂ ಬೆರೆಸಿದ್ದರು.

ಎರಡು ವರ್ಷಗಳ ಫಾರ್ಮ್‌ಗಳಲ್ಲಿ ಒಮ್ಮೆಯೂ ಕಾಣದ ಸಂಗತಿ ಆಗ ಹೊರಬಿತ್ತು. ಕೆಲಸ ಮಾಡದವರೆಂದು ಹೆಸರಾಗಿದ್ದವರಲ್ಲಿ ಹಲವರು ತಮ್ಮ ಪಾಲಿನ ಕರಡನ್ನು ಹಾಕಿದ್ದರು. ರಾತ್ರಿಯೇ ಯಾರೋ ಅದನ್ನು ಅಳಿಸಿ, ಮೊದಲಿನಿಂದ ತಾವೇ ಬರೆದಿರುತ್ತಿದ್ದರು. ಒಮ್ಮೆ ಹಾಗಾದ ಮೇಲೆ ಮತ್ತೆ ಬರೆಯುವ ಉಮೇದು ಯಾರಿಗೆ ಉಳಿಯುತ್ತದೆ? 'ಇಬ್ಬರೇ ದುಡಿದರು' ಎನ್ನುವುದು ನಿಜವೇ ಆಗಿತ್ತು, ಆದರೆ ಉಳಿದ ಮೂವರಿಗೆ ಅವರು ದುಡಿಯಲು ಬಿಟ್ಟಿರಲಿಲ್ಲ.

ಮುಂದಿನ ತರಗತಿಯ ಮೊದಲ ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟೆ. ಇನ್ನೊಬ್ಬರ ಕರಡನ್ನು ಅಳಿಸುವಂತಿಲ್ಲ, ಪಕ್ಕದಲ್ಲಿ ಸಲಹೆ ಬರೆಯಬಹುದು. ಅಂಕಗಳಿಗೆ ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದ ವೆಬ್‌ಪಿಎ ಕ್ರಮವನ್ನು ತಂದೆ: ಪ್ರತಿಯೊಬ್ಬರೂ ಗುಂಪಿನವರಿಗೆ ಅಂಕ ಹಂಚುತ್ತಾರೆ, ಒಬ್ಬೊಬ್ಬರ ಹಂಚಿಕೆಯ ಮೊತ್ತವನ್ನೂ 1ಕ್ಕೆ ಇಳಿಸಲಾಗುತ್ತದೆ, ಬಂದ ಪಾಲುಗಳನ್ನು ಕೂಡಿದರೆ ಅದೇ ಗುಣಕ. ಗುಂಪಿಗೆ 60 ಬಂದಿದ್ದರೆ 1.1 ಪಡೆದವರಿಗೆ 66, 0.8 ಪಡೆದವರಿಗೆ 48. ಗೆಳೆಯರೊಡನೆಯೇ ಗುಂಪು ಕಟ್ಟಿಕೊಳ್ಳುತ್ತೇವೆ ಎಂಬ ಬೇಡಿಕೆಯನ್ನು ಒಪ್ಪಲಿಲ್ಲ. ಹಾಗೆ ಮಾಡಿದರೆ ಮರಾಠಿ ಬಲ್ಲವರೆಲ್ಲ ಒಂದೇ ಕಡೆ ಸೇರುತ್ತಾರೆ ಎಂಬ ಕಾರಣವನ್ನೂ ಹೇಳಿದೆ. ಕೆಲವರು ಮುಖ ಗಂಟಿಕ್ಕಿದರೂ ಯಾರೂ ಅದನ್ನು ಮತ್ತೆ ಕೇಳಲಿಲ್ಲ.

ನೂರಾರು ವಿದ್ಯಾರ್ಥಿಗಳ ತರಗತಿಗೆ ಮೂರನೆಯ ಬಗೆ ಒಗ್ಗದು. ಅಲ್ಲಿ ಫಾರ್ಮೇ ಗತಿ. ಮೂವತ್ತು ಜನರಿಗಾದರೆ ನಾನು ಬೇರೆ ಯಾವುದನ್ನೂ ಆರಿಸಿಕೊಳ್ಳಲಾರೆ. ಅದಕ್ಕೆ ತೆರಬೇಕಾದ ಬೆಲೆ ಸಹೋದ್ಯೋಗಿಯ ಬಿಡುವು. ಬರುವ ಮಂಗಳವಾರ ಅವರ ತರಗತಿಯಲ್ಲಿ ನಾನು ಅದೇ ಮೂರು ಪ್ರಶ್ನೆಗಳನ್ನು ಮರಾಠಿಯಲ್ಲಿ ಕೇಳಬೇಕಿದೆ.