ಹೆಲ್ಸಿಂಕಿ ಚಳಿಯೋ, ಟೊರಾಂಟೊ ಚಳಿಯೋ?

ಒಂದು ಕೈಯಲ್ಲಿ ಕೆನಡಾ, ಇನ್ನೊಂದು ಕೈಯಲ್ಲಿ ಫಿನ್‌ಲೆಂಡ್ ಹಿಡಿದುಕೊಂಡು ತಲೆ ಕೆರೆದುಕೊಳ್ಳುವ ಹುಡುಗರು ಬೆಂಗಳೂರಿನಲ್ಲಿ ಆಗಾಗ ಸಿಗುತ್ತಾರೆ. ನಾನು ಕೆನಡಾದ ಟೊರಾಂಟೊ, ಫಿನ್‌ಲೆಂಡಿನ ಹೆಲ್ಸಿಂಕಿ ಎರಡೂ ಕಡೆ ಸಂಸಾರ ಮಾಡಿ, ಈಗ ಪದ್ಮನಾಭನಗರಕ್ಕೆ ವಾಪಸ್ ಬಂದವನು. ಹಾಗಾಗಿ ಅವರ ಮೊದಲ ಪ್ರಶ್ನೆ ನನಗೆ ಬಾಯಿಪಾಠ: "ಎಲ್ಲಿ ಚಳಿ ಜಾಸ್ತಿ ಸಾರ್?"

ಈ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಹೆಲ್ಸಿಂಕಿ, ಟೊರಾಂಟೊ ಎರಡರಲ್ಲೂ ಜನವರಿಯ ಸರಾಸರಿ ಹೆಚ್ಚುಕಡಿಮೆ ಒಂದೇ. ಸೊನ್ನೆಗಿಂತ ಮೂರರಿಂದ ಐದು ಡಿಗ್ರಿ ಕೆಳಗೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಹಗಲು ಎಷ್ಟು ಹೊತ್ತು ಇರುತ್ತದೆ? ಮನೆಗೆ ಯಾವಾಗ ಫೋನ್ ಮಾಡಬಹುದು? ಅಪ್ಪ ಅಮ್ಮ ಬಂದರೆ ಎಷ್ಟು ದಿನ ಇರಬಹುದು?

ಮೊದಲು ಹಗಲು. ಟೊರಾಂಟೊ ನಾವು ಅಂದುಕೊಂಡಷ್ಟು ಉತ್ತರಕ್ಕಿಲ್ಲ. ಅದರ ಅಕ್ಷಾಂಶ ಸುಮಾರು 43.7 ಡಿಗ್ರಿ, ಅಂದರೆ ಫ್ರಾನ್ಸಿನ ಕಡಲತೀರದ ನೀಸ್ ಊರಿನ ಸಾಲಿಗೆ. ಡಿಸೆಂಬರ್ ಕೊನೆಯಲ್ಲೂ ಅಲ್ಲಿ ಒಂಬತ್ತು ಗಂಟೆಯಷ್ಟು ಬೆಳಕು ಸಿಗುತ್ತದೆ. ಹೊರಗೆ ಹೆಪ್ಪುಗಟ್ಟುವ ಚಳಿ ಇದ್ದರೂ ಎಷ್ಟೋ ದಿನ ಆಕಾಶ ನೀಲಿ, ಹಿಮದ ಮೇಲೆ ಬಿಸಿಲು. ಕಣ್ಣು ಕುಕ್ಕುತ್ತದೆ, ಆದರೆ ಮನಸ್ಸು ನೆಟ್ಟಗಿರುತ್ತದೆ.

ಹೆಲ್ಸಿಂಕಿ ಇರುವುದು 60 ಡಿಗ್ರಿಯಲ್ಲಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಒಂಬತ್ತೂವರೆ ಹತ್ತಿರ ಸೂರ್ಯ ಹುಟ್ಟಿ, ಮೂರೂಕಾಲಕ್ಕೆಲ್ಲ ಮುಳುಗಿಬಿಡುತ್ತಾನೆ. ಆ ಆರು ಗಂಟೆ ಕೂಡ ಮೋಡದ ಹಿಂದೆಯೇ ಕಳೆದುಹೋಗುವುದು ಜಾಸ್ತಿ. ವರ್ಷದ ಅತಿ ಚಿಕ್ಕ ದಿನವೂ ಹನ್ನೊಂದು ಗಂಟೆಗಿಂತ ಜಾಸ್ತಿ ಬೆಳಕು ಕೊಡುವ ಬೆಂಗಳೂರಿನಿಂದ ಹೋದವರಿಗೆ ಇದು ಸಣ್ಣ ಪೆಟ್ಟಲ್ಲ. ಅದರಲ್ಲೂ ನವೆಂಬರ್ ಭಾರಿ ಕೆಟ್ಟದ್ದು. ಹಿಮ ಇನ್ನೂ ನಿಂತಿರುವುದಿಲ್ಲ. ನೆಲ ಒದ್ದೆ, ಮರ ಬೋಳು, ಎಲ್ಲಾ ಕಪ್ಪು. ಹಿಮ ಬಿದ್ದು ನಿಂತ ಮೇಲೆ ಊರು ಬೆಳ್ಳಗಾಗಿ ಜೀವ ಬರುತ್ತದೆ. ಹಿಮಕ್ಕಾಗಿ ಕಾಯುವ ಗತಿ ಬರುತ್ತದೆ ಅಂತ ಹೋಗುವ ಮೊದಲು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಅಲ್ಲಿನವರು ಕತ್ತಲನ್ನು ಗೊಣಗಿ ಕಳೆಯುವುದಿಲ್ಲ. ವ್ಯವಸ್ಥೆ ಮಾಡಿಕೊಂಡಿದ್ದಾರೆ. ಅಂಗಡಿಯ ಹಾಲಿನಲ್ಲೇ ವಿಟಮಿನ್ ಡಿ ಬೆರೆಸಿರುತ್ತಾರೆ. ಬೆಳಗಿನ ತಿಂಡಿ ಹೊತ್ತಿಗೆ ಮುಖದ ಮುಂದೆ ಜೋರು ಬೆಳಕಿನ ದೀಪ ಇಟ್ಟುಕೊಂಡು ಕೂರುವವರಿದ್ದಾರೆ. ನಾವೂ ತಂದೆವು, ನನ್ನ ಹೆಂಡತಿಗೆ ಚೆನ್ನಾಗಿ ಹಿಡಿಸಿತು, ನನಗೆ ಅಷ್ಟಕ್ಕಷ್ಟೆ. ರಾತ್ರಿ ನಡೆಯುವವರು ಕೋಟಿಗೆ ಹೊಳೆಯುವ ಬಿಲ್ಲೆ ನೇತುಹಾಕಿಕೊಳ್ಳುತ್ತಾರೆ, ಕಾರಿನವರಿಗೆ ಕಾಣಲಿ ಅಂತ. ಸಾಯಂಕಾಲ ನಾಲ್ಕಕ್ಕೇ ಅದು ಬೇಕಾಗುತ್ತದೆ ಅನ್ನುವುದು ಬೇರೆ ಮಾತು. ಜೂನ್‌ನಲ್ಲಿ ಸಾಲ ಬಡ್ಡಿ ಸಮೇತ ತೀರುತ್ತದೆ. ರಾತ್ರಿ ಹತ್ತೂಮುಕ್ಕಾಲರವರೆಗೆ ಬಿಸಿಲು. ಮಗಳು "ಇನ್ನೂ ಬೆಳಕಿದೆಯಲ್ಲ" ಅಂತ ಹಾಸಿಗೆಗೆ ಬರಲು ಒಪ್ಪುತ್ತಲೇ ಇರಲಿಲ್ಲ. ಕೊನೆಗೆ ದಪ್ಪ ಕಪ್ಪು ಪರದೆ ಹಾಕಿಸಿದೆವು.

ಗಾಳಿಯ ವಿಷಯಕ್ಕೆ ಬಂದರೆ ಟೊರಾಂಟೊ ಒರಟು. ಥರ್ಮಾಮೀಟರ್ ಮೈನಸ್ 15 ಅಂದಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಸೇರಿಕೊಂಡರೆ ಮೈಗೆ ಅದು ಮೈನಸ್ 26ರ ಹಾಗೆ. ಅಲ್ಲಿ ಹವಾಮಾನ ಹೇಳುವಾಗ ಈ ಎರಡನೇ ಅಂಕಿಯನ್ನೂ ಹೇಳುತ್ತಾರೆ. ಮೊದಲನೆಯದನ್ನು ಮರೆತು ಎರಡನೆಯದಕ್ಕೆ ಬಟ್ಟೆ ಹಾಕಿಕೊಳ್ಳಿ. ಹೆಲ್ಸಿಂಕಿಯೂ ಸಮುದ್ರದ ಊರು, ಗಾಳಿ ಇಲ್ಲದೆ ಇಲ್ಲ. ಆದರೆ ಬಸ್ ಸ್ಟಾಪಿನಲ್ಲಿ ನಿಂತು ಕಣ್ಣಲ್ಲಿ ನೀರು ಬಂದದ್ದು ನನಗೆ ಟೊರಾಂಟೊದಲ್ಲೇ.

ಮನೆಯೊಳಗಿನ ಕಥೆ ಇನ್ನೂ ಬೇರೆ. ಹೆಲ್ಸಿಂಕಿಯಲ್ಲಿ ಬಹುತೇಕ ಅಪಾರ್ಟ್‌ಮೆಂಟುಗಳಿಗೆ ಊರಿನ ಕೇಂದ್ರ ವ್ಯವಸ್ಥೆಯಿಂದಲೇ ಬಿಸಿನೀರು ಕೊಳವೆಯಲ್ಲಿ ಬರುತ್ತದೆ. ಕಿಟಕಿಗೆ ಮೂರು ಪದರ ಗಾಜು. ಒಳಗೆ ಟೀ ಶರ್ಟಿನಲ್ಲಿ ಓಡಾಡಬಹುದು. ನಿಜ ಹೇಳಬೇಕೆಂದರೆ, ಮನೆಯೊಳಗೆ ನಾನು ಜಾಸ್ತಿ ನಡುಗುವುದು ಈಗ, ಜನವರಿಯಲ್ಲಿ, ಪದ್ಮನಾಭನಗರದ ಮೊಸಾಯಿಕ್ ನೆಲದ ಮೇಲೆ. ಟೊರಾಂಟೊದಲ್ಲಿ ಹೊಸದಾಗಿ ಹೋದ ನಮ್ಮವರು ಎಷ್ಟೋ ಜನ ಬಾಡಿಗೆಗೆ ಹಿಡಿಯುವುದು ಬೇಸ್‌ಮೆಂಟ್. ನಾವೂ ಸ್ಕಾರ್ಬರೋದಲ್ಲಿ ಹಾಗೇ ಶುರುಮಾಡಿದ್ದು. ಹೀಟರಿನ ಸ್ವಿಚ್ಚು ಮೇಲಿನ ಮನೆಯಲ್ಲಿ, ಮಾಲೀಕರ ಕೈಯಲ್ಲಿ. ಅವರು ಕೆಲಸಕ್ಕೆ ಹೊರಟರೆ ಅದೂ ಇಳಿಯುತ್ತಿತ್ತು. ಚಳಿಗಾಲದಲ್ಲಿ ಬಾಡಿಗೆ ಮನೆ ಕನಿಷ್ಠ 21 ಡಿಗ್ರಿ ಇರಬೇಕು ಅಂತ ಟೊರಾಂಟೊ ನಗರದ ನಿಯಮವೇ ಇದೆ. ಅದನ್ನು ತೋರಿಸಿದ ಮೇಲೆ ಸರಿಹೋಯಿತು. ಬೇಸ್‌ಮೆಂಟ್ ನೋಡಲು ಹೋದಾಗ ಗೋಡೆಯ ಬಣ್ಣ ನೋಡಬೇಡಿ, ಆ ಸ್ವಿಚ್ಚು ಎಲ್ಲಿದೆ ನೋಡಿ.

ರಸ್ತೆಗೆ ಟೊರಾಂಟೊದವರು ಉಪ್ಪು ಸುರಿಯುತ್ತಾರೆ, ಚರ್ಮದ ಬೂಟು ಒಂದೇ ಚಳಿಗಾಲಕ್ಕೆ ಬಿಳಿ ಪಟ್ಟೆ ಬಂದು ಹಾಳು. ಹೆಲ್ಸಿಂಕಿಯ ಫುಟ್‌ಪಾತಿಗೆ ಸಣ್ಣ ಜಲ್ಲಿ ಹಾಕುತ್ತಾರೆ. ವಸಂತದಲ್ಲಿ ಹಿಮ ಕರಗಿದ ಮೇಲೆ ಅದೇ ಜಲ್ಲಿ ಧೂಳಾಗಿ ಏಳುತ್ತದೆ. ಬೆಂಗಳೂರಿನವರಿಗೆ ಆಗ ಊರಿನ ನೆನಪು ಗ್ಯಾರಂಟಿ.

ಊಟದಲ್ಲಿ ಪೈಪೋಟಿಯೇ ಇಲ್ಲ, ಟೊರಾಂಟೊ ಗೆದ್ದಾಯಿತು. ಸ್ಕಾರ್ಬರೋದ ತಮಿಳರ ಅಂಗಡಿಗಳಲ್ಲಿ ಹಸಿ ಕರಿಬೇವು, ನುಗ್ಗೆಕಾಯಿ, ಸೋನಾ ಮಸೂರಿ ಎಲ್ಲಾ ಇವೆ. ಗುಜರಾತಿ ಬ್ರಾಂಡಿನ ಫ್ರೋಜನ್ ಪ್ಯಾಕೆಟ್ಟಿನಲ್ಲಿ 'ಸುರ್ತಿ ಪಾಪ್ಡಿ ಲಿಲ್ವಾ' ಅಂತ ಬರುತ್ತದೆ. ಬಿಸಿನೀರಿಗೆ ಹಾಕಿ ಹಿಚುಕಿದರೆ ಅವರೆಬೇಳೆ ಸಾರಿಗೆ ಧಾರಾಳ ಆಗುತ್ತದೆ. ಸೊಗಡು ಮಾತ್ರ ಕೇಳಬೇಡಿ. ಹೆಲ್ಸಿಂಕಿಯಲ್ಲಿ ಹಕನಿಯೆಮಿ ಕಡೆಯ ಏಷ್ಯನ್ ಅಂಗಡಿಗಳಲ್ಲಿ ಬೇಳೆ, ಅಕ್ಕಿ, ಮಸಾಲೆ ಸಿಗುತ್ತವೆ. ಹುಳಿಪುಡಿ ಮಾತ್ರ ಸೂಟ್‌ಕೇಸಿನಲ್ಲೇ ಬರಬೇಕು. ದೋಸೆ ಹಿಟ್ಟು ಎರಡೂ ಕಡೆ ಸುಮ್ನೆ ಇಟ್ಟರೆ ಹುಳಿ ಬರುವುದಿಲ್ಲ. ಟೊರಾಂಟೊದಲ್ಲಿ ಓವನ್ನಿನ ದೀಪ ಮಾತ್ರ ಹಚ್ಚಿ ಒಳಗಿಡುತ್ತಿದ್ದೆವು. ಹೆಲ್ಸಿಂಕಿಯ ನಮ್ಮ ಬಚ್ಚಲಿನ ನೆಲ ಬಿಸಿ ಇರುತ್ತಿತ್ತು, ಪಾತ್ರೆ ಅಲ್ಲಿ ಇಟ್ಟರೆ ಬೆಳಿಗ್ಗೆ ಉಕ್ಕಿ ಬಂದಿರುತ್ತಿತ್ತು. ಹಿಟ್ಟಿನ ಮಟ್ಟಿಗೆ ಫಿನ್‌ಲೆಂಡಿಗೆ ಜೈ.

ಪುಟ್ಟ ಮಕ್ಕಳಿದ್ದರೆ ತಕ್ಕಡಿ ಪೂರ್ತಿ ಹೆಲ್ಸಿಂಕಿ ಕಡೆ ವಾಲುತ್ತದೆ. ಶಾಲೆಗೆ ಮುಂಚಿನ ಪ್ರತಿ ಮಗುವಿಗೂ ಡೇಕೇರ್ ಹಕ್ಕು, ಶುಲ್ಕ ಸಂಬಳ ನೋಡಿ. ಮಗುವಿನ ಗಾಡಿ ತಳ್ಳಿಕೊಂಡು ಬಂದರೆ ಬಸ್ಸು, ಟ್ರಾಮಿಗೆ ದೊಡ್ಡವರಿಗೂ ಟಿಕೆಟ್ ಬೇಡ. ಚಳಿ ಅಂತ ಮಕ್ಕಳನ್ನು ಒಳಗೆ ಕೂಡಿಹಾಕುವುದಿಲ್ಲ. ದಪ್ಪ ಬಟ್ಟೆ ಹಾಕಿ ದಿನಾ ಹೊರಗೆ ಬಿಡುತ್ತಾರೆ, ಕೂಸುಗಳನ್ನು ಗಾಡಿಯಲ್ಲೇ ಹೊರಗೆ ಮಲಗಿಸುತ್ತಾರೆ. ವಿಡಿಯೋ ಕಾಲಿನಲ್ಲಿ ಇದನ್ನು ನೋಡಿ ನನ್ನ ಅಮ್ಮ ಒಂದು ವಾರ ಸಿಟ್ಟಾಗಿದ್ದರು.

ಅಮ್ಮನ ವಿಷಯ ಬಂದಿತಲ್ಲ, ನನ್ನ ಮಟ್ಟಿಗೆ ಇದೇ ನಿರ್ಣಾಯಕ. ಹೆಲ್ಸಿಂಕಿಗೂ ನಮಗೂ ಚಳಿಗಾಲದಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಎರಡೂವರೆ. ಆಫೀಸು ಮುಗಿಸಿ ಐದಕ್ಕೆ ಫೋನ್ ಮಾಡಿದರೆ ಇಲ್ಲಿ ಎಂಟೂವರೆ, ಅಮ್ಮ ಊಟ ಮುಗಿಸಿ ಕೂತಿರುತ್ತಾರೆ. ಟೊರಾಂಟೊಗೆ ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಒಂಬತ್ತೂವರೆ. ಕ್ಷೇಮ ವಿಚಾರಿಸಲು ತೊಂದರೆಯಿಲ್ಲ, ರಾತ್ರಿ ಎಂಟಕ್ಕೆ ಮಾಡಿದರೆ ಇಲ್ಲಿ ಬೆಳಗಿನ ಆರೂವರೆ. ಆದರೆ ಅಪ್ಪನನ್ನು ಮಧ್ಯಾಹ್ನ ಎರಡಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಅಲ್ಲಿ ಬೆಳಗಿನ ಜಾವ ಮೂರೂವರೆ. ಫೋನನ್ನು ತಲೆದಿಂಬಿನ ಕೆಳಗೆ ಇಟ್ಟು ಮಲಗುವುದು ರೂಢಿಯಾಗುತ್ತದೆ. ಅವಸರಕ್ಕೆ ಹೊರಟು ಬರಬೇಕೆಂದರೂ ಟೊರಾಂಟೊದಿಂದ ಸುಮಾರು ಒಂದು ದಿನವೇ ಬೇಕು.

ಇಷ್ಟಾದರೂ ಅಪ್ಪ ಅಮ್ಮನನ್ನು ಜೊತೆಗಿಟ್ಟುಕೊಳ್ಳುವ ಆಸೆ ಇದ್ದರೆ ಕೆನಡಾವೇ ಸರಿ. ಅಲ್ಲಿನ ಸೂಪರ್ ವೀಸಾದಲ್ಲಿ ತಂದೆ ತಾಯಿ ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು. ಆರೋಗ್ಯ ವಿಮೆ, ನಿಮ್ಮ ಆದಾಯದ ದಾಖಲೆ ಕೇಳುತ್ತಾರೆ. ಫಿನ್‌ಲೆಂಡಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗನ್ ಪ್ರವಾಸಿ ವೀಸಾ, 180 ದಿನಗಳಲ್ಲಿ 90 ದಿನ, ಅಷ್ಟೇ. ಪೌರತ್ವದ ಲೆಕ್ಕವೂ ಹಾಗೇ. ಕೆನಡಾದಲ್ಲಿ ಪರ್ಮನೆಂಟ್ ರೆಸಿಡೆಂಟ್ ಆದವರು ಐದು ವರ್ಷದಲ್ಲಿ ಮೂರು ವರ್ಷದಷ್ಟು ಕಾಲ ಅಲ್ಲಿದ್ದರೆ ಅರ್ಜಿ ಹಾಕಬಹುದು. ಫಿನ್‌ಲೆಂಡ್ 2024ರ ಅಕ್ಟೋಬರ್‌ನಿಂದ ಸಾಮಾನ್ಯ ಅವಧಿಯನ್ನು ಐದರಿಂದ ಎಂಟು ವರ್ಷಕ್ಕೆ ಏರಿಸಿದೆ. ಅದರ ಮೇಲೆ ಫಿನ್ನಿಷ್ ಅಥವಾ ಸ್ವೀಡಿಷ್ ಬರಬೇಕು. ಹದಿನೈದು ವಿಭಕ್ತಿಗಳ ಫಿನ್ನಿಷ್ ಮುಂದೆ ನಮ್ಮ ವ್ಯಾಕರಣ ಮೇಷ್ಟ್ರು ದೇವರ ಸಮಾನ.

ಮಗಳಿಗೆ ಮೂರು ವರ್ಷವಾಗಿದ್ದಾಗ ಮತ್ತೆ ಆರಿಸಿಕೋ ಅಂದರೆ ನಾನು ಹೆಲ್ಸಿಂಕಿ ಅನ್ನುತ್ತೇನೆ. ರಜೆ ಎಲ್ಲಾ ನವೆಂಬರ್‌ಗೆ ಉಳಿಸಿಕೊಂಡು ಬೆಂಗಳೂರಿಗೆ ಬಂದು, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿಸಿಕೊಂಡು ಹೋಗುವ ಷರತ್ತಿನ ಮೇಲೆ. ನನ್ನ ಹೆಂಡತಿಯ ಓಟು ಟೊರಾಂಟೊಗೆ. ಅವಳಿಗೆ ಬಿಸಿಲು ಬೇಕು, ಲಿಫ್ಟಿನಲ್ಲಿ ಮಾತಾಡಿಸುವ ಜನ ಬೇಕು. ಹೆಲ್ಸಿಂಕಿಯ ನಮ್ಮ ಪಕ್ಕದ ಮನೆಯವರು ಕಟ್ಟಡದವರೆಲ್ಲ ಸರದಿಯಲ್ಲಿ ಬಳಸುವ ಸೌನಾಗೆ, ಅಂದರೆ ಹಬೆ ಸ್ನಾನದ ಕೋಣೆಗೆ, ಸಾಯಂಕಾಲದ ಹೆಸರು ಬರೆಸುವ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ನಮಗೆ ಪರಿಚಯವಾಗಲಿಲ್ಲ.

ಎಲ್ಲಿಗೆ ಹೊರಟರೂ ಸರಿ, ದೊಡ್ಡ ಜಾಕೆಟ್ ಇಲ್ಲಿ ಕೊಳ್ಳಬೇಡಿ. ಒಳಗೆ ಹಾಕುವ ಥರ್ಮಲ್, ಉಲ್ಲನ್ ಕಾಲುಚೀಲ ಇಲ್ಲಿಂದ ಒಯ್ಯಿರಿ. ಜಾಕೆಟ್ಟು, ಬೂಟು ಅಲ್ಲಿಗೆ ಹೋಗಿ ಹಾಕಿ ನೋಡಿಯೇ ತಗೊಳ್ಳಿ. ಬೂಟಿನ ಅಳತೆ ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಿ.