ಕೋಡ್ ಅಳಿಸಿ ಪಿಕಪ್ ಮಾರುತ್ತಾರೆ, ಹುಷಾರು

ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಪಿಕಪ್ ತಗೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಗಾಡಿಯ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಅಳಿಸಿ ನನಗೆ ಗಾಡಿ ಮಾರಿದವನು ಈಗ ಇನ್ನೊಂದು ಪಿಕಪ್ ಮಾರಾಟಕ್ಕಿಟ್ಟಿದ್ದಾನೆ. ಜಾಹೀರಾತಿನಲ್ಲಿ ಅದೇ ಮಾತು: "ಗೇರ್ ಬೆಣ್ಣೆ ಥರ ಬೀಳುತ್ತೆ." ನನ್ನ ಗಾಡಿಗೂ ಹೀಗೇ ಹೇಳಿದ್ದ. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು ನೋಡಲು ಹೋದಾಗ ಎಂಜಿನ್ ಆಗಲೇ ಓಡುತ್ತಿತ್ತು. "ನಿಮಗೋಸ್ಕರ ರೆಡಿ ಮಾಡಿ ಇಟ್ಟಿದ್ದೀನಿ ಸಾರ್" ಎಂದ. ಗೇರ್‌ಬಾಕ್ಸ್ ಆಯಿಲ್ ನೋಡುವ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದ. ಆಯಿಲ್ ಕೆಂಪಗೆ ಹೊಳೆಯುತ್ತಿತ್ತು. "ಗೇರ್‌ಬಾಕ್ಸ್ ಚೆನ್ನಾಗಿದೆ ಅನ್ನೋಕೆ ಇನ್ನೇನು ಬೇಕು?" ಟ್ರೈಲರ್ ಎಳೆದಿದ್ದೀರಾ ಎಂದು ಕೇಳಿದೆ. "ಛೇ, ಇಲ್ಲವೇ ಇಲ್ಲ ಸಾರ್, ಮನೆ ಸಾಮಾನು ಅಷ್ಟೇ." ಒಂದು ಸಣ್ಣ ಸುತ್ತು ಓಡಿಸಲು ಬಿಟ್ಟ. ಹೈವೇಗೆ ಹೋಗೋಣ ಎಂದರೆ ಇನ್ನೊಬ್ಬರು ನೋಡಲು ಬರುತ್ತಿದ್ದಾರೆ, ಟೈಮಿಲ್ಲ ಎಂದ. ಆ ಸುತ್ತಿನಲ್ಲಿ ಗಾಡಿ ನಿಜಕ್ಕೂ ಚೆನ್ನಾಗಿ ಓಡಿತು. ಒಂದು ಸಲವೂ ಜರ್ಕ್ ಹೊಡೆಯಲಿಲ್ಲ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಚೆನ್ನಾಗಿ ಓಡುವ ಹಾಗೆ ಮಾಡಿಯೇ ಇಟ್ಟಿದ್ದರು.

ಮನೆಗೆ ತಂದು ಸ್ವಲ್ಪ ದಿನ ಎಲ್ಲ ಸರಿಯಿತ್ತು. ಆಮೇಲೆ ಶುರುವಾಯಿತು. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರ್‌ಗೆ ಹೋಗುವಾಗ ಆರ್‌ಪಿಎಂ ಸುಮ್ನೆ ಮೇಲೇರುತ್ತಿತ್ತು, ವೇಗ ಏರುತ್ತಿರಲಿಲ್ಲ. ಮರುಕ್ಷಣ ಧಡ್ ಎಂದು ಗೇರ್ ಬೀಳುತ್ತಿತ್ತು. ರಿವರ್ಸ್ ಹಾಕಿದರೆ ಕೆಲವು ಕ್ಷಣ ಏನೂ ಇಲ್ಲ, ನಂತರ ಇಡೀ ಗಾಡಿ ಅದುರುತ್ತಿತ್ತು. ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಹಿಂದಿನಿಂದ ಯಾರೋ ಗುದ್ದಿದರೇನೋ ಎಂದು ತಿರುಗಿ ನೋಡಿದ್ದೂ ಇದೆ. ಕೊನೆಗೆ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು.

ಫೋನ್ ಮಾಡಿದೆ. ಮೊದಲ ಉತ್ತರ: "ಆಟೋಮ್ಯಾಟಿಕ್ ಅಂದ್ರೆ ಹಾಗೇ ಸಾರ್, ಅಭ್ಯಾಸ ಆಗುತ್ತೆ." ನಾನು ಓಡಿಸುತ್ತಿದ್ದುದೆಲ್ಲ ಆಟೋಮ್ಯಾಟಿಕ್ ಗಾಡಿಗಳೇ ಎಂದೆ. ಆಗ ಮಾತು ಬದಲಾಯಿತು. "ಗೇರ್‌ಬಾಕ್ಸ್ ಕಂಪ್ಯೂಟರ್ ನೀವು ಓಡಿಸೋ ರೀತಿ ಕಲೀತಾ ಇದೆ, ತಾನೇ ಸರಿ ಹೋಗುತ್ತೆ." ಇದು ಅರ್ಧ ನಿಜ, ಅದಕ್ಕೇ ಜಾಸ್ತಿ ಅಪಾಯ. ಕಂಪ್ಯೂಟರ್ ಕಲಿಯುವುದು ಹೌದು. ಗೇರ್‌ಬಾಕ್ಸ್ ಒಳಗಿನ ಕ್ಲಚ್ ಸವೆದಂತೆ ಆಯಿಲ್ ಒತ್ತಡವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ. ಹೀಗೆ ಕಲಿತದ್ದನ್ನು ಅಳಿಸಿದ್ದರೆ ಕೆಲವು ದಿನ ಗೇರ್ ಒರಟಾಗಿ ಬಿದ್ದು ಆಮೇಲೆ ಮೆತ್ತಗಾಗುವುದೂ ಉಂಟು. ಆದರೆ ನನ್ನದು ದಿನದಿಂದ ದಿನಕ್ಕೆ ಕೆಡುತ್ತಿತ್ತು. ಕಲಿಯುವ ಗಾಡಿ ಹೀಗೆ ಮಾಡುವುದಿಲ್ಲ.

ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಕೂಡ ಹಾಕದೆ ಗೇರ್‌ಬಾಕ್ಸ್ ಪೂರ್ತಿ ಬದಲಿಸಿ ಎಂದರು. ಅಲ್ಲಿಂದ ಎದ್ದು ಬಂದೆ. ಇನ್ನೊಬ್ಬ ಮೆಕ್ಯಾನಿಕ್ ಪುಣ್ಯಾತ್ಮ. ಧಡ್ ಎಂದದ್ದೆಲ್ಲ ಗೇರ್‌ಬಾಕ್ಸ್ ತಪ್ಪಲ್ಲ ಎಂದು ಹೇಳಿ ಮೊದಲು ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟ್ ನೋಡಿದರು. ಪ್ರೊಪೆಲ್ಲರ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್ ಅಲ್ಲಾಡಿಸಿ ನೋಡಿದರು. ಎಂಜಿನ್ ಮಿಸ್‌ಫೈರ್ ಇದೆಯೇ ಎಂದೂ ನೋಡಿದರು. ಯಾವುದರಲ್ಲೂ ತೊಂದರೆ ಇರಲಿಲ್ಲ. ಆಮೇಲೆ ಸ್ಕ್ಯಾನರ್ ಹಾಕಿದರು. ಎರಡು ಕೋಡ್ ಬಂದವು: ಪಿ 0700, ಅದರ ಜೊತೆಗೆ ಪಿ 0733. ಮೊದಲನೆಯದು ಗೇರ್‌ಬಾಕ್ಸ್ ಕಡೆ ತೊಂದರೆ ಇದೆ ಎಂದಷ್ಟೇ ಹೇಳುತ್ತದೆ. ಎರಡನೆಯದು ಮೂರನೇ ಗೇರ್‌ನ ಅನುಪಾತ ತಾಳೆಯಾಗುತ್ತಿಲ್ಲ ಎನ್ನುತ್ತದೆ. ಅಂದರೆ ಒಳಗೆ ಸ್ಲಿಪ್ ಆಗುತ್ತಿದೆ.

ಮೆಕ್ಯಾನಿಕ್ ಅಲ್ಲಿಗೇ ನಿಲ್ಲಿಸಲಿಲ್ಲ. ಸ್ಕ್ಯಾನರ್‌ನಲ್ಲಿ ಇನ್ನೊಂದು ಸಾಲು ತೋರಿಸಿದರು: ಕೋಡ್ ಅಳಿಸಿದ ಮೇಲೆ ಗಾಡಿ ಓಡಿದ ದೂರ. "ಗಾಡಿ ತಗೊಂಡಾಗ ಓಡೋಮೀಟರ್ ಎಷ್ಟಿತ್ತು?" ಎಂದು ಕೇಳಿದರು. ಮಾರಾಟದ ಕಾಗದದಲ್ಲಿ ಬರೆದಿತ್ತು. ಈಗಿನ ರೀಡಿಂಗ್‌ನಿಂದ ಆ ದೂರ ಕಳೆದು ನೋಡಿದೆವು. ಕಾಗದದ ರೀಡಿಂಗ್‌ಗೂ ಅದಕ್ಕೂ ಕೆಲವೇ ಕಿಲೋಮೀಟರ್ ವ್ಯತ್ಯಾಸ! ನಾನು ನೋಡಲು ಬರುವ ಮುಂಚೆ ಕೋಡ್ ಅಳಿಸಿದ್ದಾರೆ. ಅಳಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ನಗುತ್ತಾ ನಿಂತಿದ್ದಾರೆ. ಗ್ಯಾರೇಜಿನಲ್ಲಿ ನಾಲ್ಕು ಜನರ ಮುಂದೆ ಮುಖ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ.

ಕೋಡ್ ಅಳಿಸಿದರೆ ಏನಾಗುತ್ತದೆ ಅಂದರೆ, ತಪ್ಪು ಗೊತ್ತಾದಾಗ ಕಂಪ್ಯೂಟರ್ ಸಾಮಾನ್ಯವಾಗಿ ಆಯಿಲ್ ಒತ್ತಡ ಏರಿಸಿ ಗೇರನ್ನು ಗಟ್ಟಿಯಾಗಿ ಹಿಡಿಸುತ್ತದೆ. ಕ್ಲಚ್ ಉಳಿಯಲಿ ಎಂದು. ಜರ್ಕ್ ಜಾಸ್ತಿಯಾಗುವುದು ಅದರಿಂದಲೇ. ಕೋಡ್ ಅಳಿಸಿದರೆ ತಪ್ಪು ಮತ್ತೆ ಸಿಕ್ಕಿಬೀಳುವವರೆಗೆ ಗಾಡಿ ಮಾಮೂಲಿನಂತೆ ಓಡುತ್ತದೆ. ಆಯಿಲ್ ಬಿಸಿಯಾಗದ ಸಣ್ಣ ಸುತ್ತಿನಲ್ಲಿ ಅದು ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ.

ಆ ಕೆಂಪು ಆಯಿಲ್? ಅದೂ ನಾಟಕ. ಡ್ರೈನ್ ಮಾಡಿ ಹೊಸದು ಸುರಿದರೆ ಎಲ್ಲ ಆಯಿಲ್ ಬದಲಾಗುವುದಿಲ್ಲ, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲಿ ಹಳೆಯದು ಉಳಿದೇ ಉಳಿಯುತ್ತದೆ. ನನ್ನ ಗಾಡಿಯಲ್ಲಿ ಅಷ್ಟರಲ್ಲೇ ಅದು ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿತ್ತು. ಗೇರ್‌ಬಾಕ್ಸ್ ಅಡಿಯ ಆಯಿಲ್ ಪ್ಯಾನ್ ಬಿಚ್ಚಿದಾಗ ಕೆಳಗೆ ಕಪ್ಪು ಪುಡಿ. ಪ್ಯಾನ್‌ನಲ್ಲಿರುವ ಆಯಸ್ಕಾಂತಕ್ಕೆ ತೆಳುವಾದ ಬೂದು ಪೇಸ್ಟ್ ಅಂಟಿದ್ದರೆ ಅದು ಸಹಜ. ನನ್ನದರಲ್ಲಿ ಲೋಹದ ಚೂರುಗಳಿದ್ದವು. ಗಾಡಿಯ ಹಿಂಭಾಗದಲ್ಲಿ ಟ್ರೈಲರ್ ವೈರನ್ನು ಕತ್ತರಿಸಿ, ಟೇಪ್ ಸುತ್ತಿ ಒಳಗೆ ತುರುಕಿದ್ದರು. ಟ್ರೈಲರ್ ಎಳೆದೇ ಇಲ್ಲವಂತೆ!

ಇದನ್ನೆಲ್ಲ ಫೋಟೋ ಸಮೇತ ಕಳಿಸಿದೆ. ಉತ್ತರ ಬಂತು: "ಬ್ಯಾಟರಿ ಬದಲಾಯಿಸಿದ್ವಿ ಸಾರ್, ಅದಕ್ಕೆ ಕೋಡ್ ಹೋಗಿರಬೇಕು." ಬ್ಯಾಟರಿ ಮೇಲಿನ ತಾರೀಖು ನೋಡಿದರೆ ಅದು ಹಳೆಯ ಬ್ಯಾಟರಿ. ಅದರ ಫೋಟೋ ಕಳಿಸಿದೆ. "ನೋಡಿ, ಓಡಿಸಿ ತಾನೇ ತಗೊಂಡ್ರಿ? ಸೆಕೆಂಡ್ ಹ್ಯಾಂಡ್ ಅಲ್ವಾ?" ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಈಗ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಬದಲಿಸುತ್ತಿದ್ದಾರೆ, ಆಯಿಲ್ ಒತ್ತಡ ನಿಯಂತ್ರಿಸುವ ವಾಲ್ವ್ ಬಾಡಿಯೂ ಹೋಗಿದೆಯಂತೆ. ಆ ಖರ್ಚೆಲ್ಲ ನನ್ನ ತಲೆಗೆ.

ನೀವು ಹೋಗುವುದಾದರೆ ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ, ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಮೊಬೈಲ್‌ಗೆ ಜೋಡಿಸಿ ಗಾಡಿಯ ಕೋಡ್ ಓದುವ ಸಣ್ಣ ಓಬಿಡಿ ಸ್ಕ್ಯಾನರ್ ಜೇಬಿನಲ್ಲಿರಲಿ. ಕೋಡ್ ಇಲ್ಲ ಎಂದು ಬಂದರೆ ಖುಷಿಪಡಬೇಡಿ. ಅಳಿಸಿದ ಮೇಲೆ ಓಡಿದ ದೂರ ಎಷ್ಟಿದೆ ನೋಡಿ, ರೆಡಿನೆಸ್ ಮಾನಿಟರ್‌ಗಳು, ಅಂದರೆ ಕೋಡ್ ಅಳಿಸಿದ ಮೇಲೆ ಕಂಪ್ಯೂಟರ್ ಮತ್ತೆ ಮಾಡಬೇಕಾದ ಪರೀಕ್ಷೆಗಳು, ಪೂರ್ತಿಯಾಗಿವೆಯಾ ನೋಡಿ. ಹೊಸ ಆಯಿಲ್ ಕಂಡರೆ ಬಿಲ್ ಕೇಳಿ, ಯಾಕೆ ಹಾಕಿಸಿದಿರಿ ಎಂದೂ ಕೇಳಿ. ಗಾಡಿ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಹೈವೇಯಲ್ಲೂ ಓಡಿಸಿ. "ಇನ್ನೊಬ್ಬರು ಬರ್ತಿದ್ದಾರೆ, ಟೈಮಿಲ್ಲ" ಎಂದರೆ ಗಾಡಿಯನ್ನು ಆ ಇನ್ನೊಬ್ಬರಿಗೇ ಮಾರಲಿ ಬಿಡಿ.